ಸೀಕ್ಯಾಪ್‌ನಲ್ಲಿ ಹೆಸರಿಲ್ಲ ಅಂದರೆ ಕೇಸೇ ಇಲ್ಲ ಅಂತಲ್ಲ: ವಿಸ್ಕಾನ್ಸಿನ್ ಕೋರ್ಟ್ ದಾಖಲೆ ತಾಣದ ವಿಮರ್ಶೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಬ್ಬರ ಮೇಲೆ ಕೇಸು ಇದೆಯಾ ಅಂತ ತಿಳಿಯಬೇಕಾದರೆ ಅಲ್ಲಿನ ಜನ 'ಅವನನ್ನ ಸೀಕ್ಯಾಪ್ ಮಾಡಿ ನೋಡು' ಅನ್ನುತ್ತಾರೆ. ಕೋರ್ಟುಗಳ ಕಂಪ್ಯೂಟರ್ ವಿಭಾಗದ ಹೆಸರು ಸಿಸಿಎಪಿ. ಬಾಯಲ್ಲಿ ಅದು ಸೀಕ್ಯಾಪ್ ಆಗಿ, ಕೊನೆಗೆ ಕ್ರಿಯಾಪದವೇ ಆಗಿಬಿಟ್ಟಿದೆ. ತಾಣದ ಅಧಿಕೃತ ಹೆಸರು ವಿಸ್ಕಾನ್ಸಿನ್ ಸರ್ಕ್ಯೂಟ್ ಕೋರ್ಟ್ ಆಕ್ಸೆಸ್. 1999ರಿಂದ ಸಾರ್ವಜನಿಕರಿಗೆ ತೆರೆದಿದೆ. ಖಾತೆ ಬೇಡ, ದುಡ್ಡು ಬೇಡ, ಯಾಕೆ ಹುಡುಕುತ್ತಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ನಾನು ರೋಬೋಟ್ ಅಲ್ಲ ಅಂತ ಒಂದು ಟಿಕ್ ಹಾಕಿದರೆ ಮುಗಿಯಿತು.

ಇದರ ಬೆಲೆ ಗೊತ್ತಾಗಬೇಕಾದರೆ ಟೆಕ್ಸಾಸ್‌ನ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆಯಂಥದ್ದು) ಇದೇ ಕೆಲಸ ಮಾಡಿ ನೋಡಬೇಕು. ಅಲ್ಲಿ 254 ಕೌಂಟಿ. ದೊಡ್ಡ ಅಪರಾಧದ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ, ಸಣ್ಣ ಅಪರಾಧದ್ದು ಕೌಂಟಿ ಕ್ಲರ್ಕ್ ಹತ್ತಿರ, ಬರೀ ದಂಡದಲ್ಲಿ ಮುಗಿಯುವಂಥದ್ದು ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿನಲ್ಲಿ. ಒಬ್ಬ ಮನುಷ್ಯನ ಬಗ್ಗೆ ತಿಳಿಯಲು ಮೂರು ಬಾಗಿಲು ತಟ್ಟಬೇಕು. ವಿಸ್ಕಾನ್ಸಿನ್‌ನಲ್ಲಿ 72 ಕೌಂಟಿಗೂ ಒಂದೇ ಹುಡುಕಾಟದ ಪೆಟ್ಟಿಗೆ. ಮಿಲ್ವಾಕಿಯಂಥ ಮಹಾನಗರದ ಕೇಸೂ, ನಾಲ್ಕೂವರೆ ಸಾವಿರ ಚಿಲ್ಲರೆ ಜನಸಂಖ್ಯೆಯ ಫ್ಲಾರೆನ್ಸ್ ಕೌಂಟಿಯ ಕೇಸೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಆದ್ದರಿಂದ ಹಳ್ಳಿ ಕೌಂಟಿಯ ದಾಖಲೆ ಹುಡುಕುವವರಿಗೆ ಇದು ಅಮೆರಿಕದ ಒಳ್ಳೆಯ ಸರಕಾರಿ ಸೇವೆಗಳಲ್ಲೊಂದು. ಹತ್ತಕ್ಕೆ ಎಂಟು ಕೊಡಬಹುದು. ಕಳೆದ ಆ ಎರಡು ಅಂಕದ ಕಥೆಯೇ ಈ ಬರಹದ ಬಹುಪಾಲು. ಅದು ಗೊತ್ತಿಲ್ಲದೆ ಬಳಸಿದರೆ ತಾಣ ಹೇಳದ್ದನ್ನೂ ಹೇಳಿತು ಅಂತ ನಂಬಿಬಿಡುತ್ತೇವೆ.

ಮೊದಲು ಹುಡುಕುವ ರೀತಿ. ಕೊನೆಯ ಹೆಸರು, ಮೊದಲ ಹೆಸರು ತುಂಬಿ, ಕೌಂಟಿಯನ್ನು ರಾಜ್ಯಪೂರ್ತಿ ಅಂತಲೇ ಬಿಡಿ. ಹಳ್ಳಿ ಕೌಂಟಿಯವರ ಕೇಸು ಪಕ್ಕದ ಕೌಂಟಿಯಲ್ಲಿ ಇರುವುದೇ ಹೆಚ್ಚು: ಸಂತೆ, ಆಸ್ಪತ್ರೆ, ಹೆದ್ದಾರಿ ಎಲ್ಲ ಅಲ್ಲೇ ಇರುತ್ತವಲ್ಲ. ಅಪರಾಧ ಎಲ್ಲಿ ನಡೆಯಿತೋ ಆ ಕೌಂಟಿಯಲ್ಲಿ ಕೇಸು ದಾಖಲಾಗುತ್ತದೆ. ಆರೋಪಿಯ ಮನೆ ಎಲ್ಲಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಟ್ಟಿದ ದಿನಾಂಕವನ್ನು ಮೊದಲ ಸುತ್ತಿನಲ್ಲಿ ಹಾಕಬೇಡಿ. ದಿನಾಂಕ ತಪ್ಪಾಗಿ ನಮೂದಾದ ಅಥವಾ ನಮೂದೇ ಆಗದ ಕೇಸು ಕೈ ತಪ್ಪುತ್ತದೆ. ಪಟ್ಟಿ ತೀರಾ ಉದ್ದವಾದರೆ ಮಾತ್ರ ದಿನಾಂಕದಿಂದ ಸೋಸಿ.

ನಮ್ಮ ಕಡೆಯ ಹೆಸರುಗಳು ಇಲ್ಲಿ ಕೊಡುವ ಕಾಟವೇ ಬೇರೆ. ಇನಿಷಿಯಲ್ ಬಿಡಿಸಿ ಬರೆದರೆ ತಂದೆಯ ಹೆಸರೋ ಊರಿನ ಹೆಸರೋ ಮೊದಲ ಹೆಸರಾಗಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ, ಅಚ್ಚಾಗಿರುತ್ತದೆ. ಅದು ಹಾಗೇ ಡ್ರೈವಿಂಗ್ ಲೈಸೆನ್ಸಿಗೆ ಇಳಿದು, ಅಲ್ಲಿಂದ ಪೊಲೀಸರ ಟಿಕೆಟ್‌ಗೆ, ಅಲ್ಲಿಂದ ಕೋರ್ಟಿಗೆ ಹೋಗುತ್ತದೆ. ಹಾಗಾಗಿ ಒಂದೇ ಮನುಷ್ಯನಿಗೆ ಕನಿಷ್ಠ ಮೂರು ಸಲ ಹುಡುಕಬೇಕು: ಇದ್ದ ಹಾಗೆ, ಹಿಂದುಮುಂದು ಮಾಡಿ, ಕಾಗುಣಿತ ಬದಲಿಸಿ. ಕೊನೆಯಲ್ಲಿ ಒಂದು 'ಎ' ಹೆಚ್ಚೋ ಕಮ್ಮಿಯೋ, 'ವಿ' ಜಾಗದಲ್ಲಿ 'ಡಬ್ಲ್ಯು' ಇದೆಯೋ ನೋಡಿ.

ಪಟ್ಟಿ ಬಂದ ಮೇಲೆ ಕಣ್ಣು ಮೊದಲು ಹೋಗಬೇಕಾದ್ದು ಕೇಸು ನಂಬರಿನ ನಡುವಿನ ಅಕ್ಷರಗಳಿಗೆ. ಮೊದಲು ವರ್ಷ, ಆಮೇಲೆ ಎರಡಕ್ಷರ, ಆಮೇಲೆ ಕ್ರಮಸಂಖ್ಯೆ. ಸಿಎಫ್ ಅಂದರೆ ಫೆಲನಿ (ದೊಡ್ಡ ಅಪರಾಧ), ಸಿಎಂ ಅಂದರೆ ಮಿಸ್‌ಡಿಮೀನರ್ (ಸಣ್ಣ ಅಪರಾಧ), ಸಿಟಿ ಅಂದರೆ ಅಪರಾಧದ ಮಟ್ಟದ ಸಂಚಾರ ಕೇಸು. ಟಿಆರ್ ಅಂದರೆ ಸಾಮಾನ್ಯ ಸಂಚಾರ ಉಲ್ಲಂಘನೆ, ಎಫ್‌ಓ ಅಂದರೆ ದಂಡದಲ್ಲಿ ಮುಗಿಯುವ ಸಣ್ಣಪುಟ್ಟದ್ದು. ಕೊನೆಯ ಎರಡು ಅಪರಾಧವೇ ಅಲ್ಲ. ಇದು ಗೊತ್ತಿಲ್ಲದ ಮನೆ ಮಾಲೀಕರು ಹತ್ತು ಸಾಲಿನ ಪಟ್ಟಿ ನೋಡಿ ಗಾಬರಿಯಾಗುತ್ತಾರೆ. ಬಿಡಿಸಿ ನೋಡಿದರೆ ಎಂಟು ಟಿಆರ್, ಎರಡು ಸಣ್ಣ ಮೊತ್ತದ ಸಿವಿಲ್ ದಾವೆ.

ಕುಡಿದು ಗಾಡಿ ಓಡಿಸಿದ ಕೇಸಂತೂ ವಿಸ್ಕಾನ್ಸಿನ್‌ನದೇ ವಿಚಿತ್ರ. ಮೊದಲ ಸಲ ಸಿಕ್ಕಿಬಿದ್ದರೆ ಅದು ಅಪರಾಧವಲ್ಲ, ಸಿವಿಲ್ ದಂಡ. ಅಮೆರಿಕದಲ್ಲಿ ಹೀಗಿರುವ ರಾಜ್ಯ ಇದೊಂದೇ. ಗಾಡಿಯಲ್ಲಿ 16ಕ್ಕಿಂತ ಸಣ್ಣ ಮಗು ಇದ್ದರೆ ಮಾತ್ರ ಮೊದಲ ಸಲವೂ ಅಪರಾಧ. ಆದ್ದರಿಂದ ಮೊದಲನೆಯದು ಸಾಮಾನ್ಯವಾಗಿ ಟಿಆರ್, ಎರಡನೆಯದು ಮೂರನೆಯದು ಸಿಟಿ, ನಾಲ್ಕನೆಯದು ಸಿಎಫ್. ಮೊದಲನೆಯದು ಪಟ್ಟಣದ ಮುನಿಸಿಪಲ್ ಕೋರ್ಟಿಗೆ ಹೋಗಿದ್ದರೆ ಸೀಕ್ಯಾಪ್‌ನಲ್ಲಿ ಬರುವುದೇ ಇಲ್ಲ, ಯಾಕೆಂದರೆ ಮುನಿಸಿಪಲ್ ಕೋರ್ಟುಗಳು ಈ ತಾಣದಲ್ಲಿ ಇಲ್ಲ. 'ಎರಡನೇ ಸಲ' ಅಂತ ಸಿಟಿ ಕೇಸು ಕಾಣುತ್ತದೆ, ಮೊದಲನೆಯದು ಎಲ್ಲೂ ಕಾಣುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಪಟ್ಟಣದ ಮುನಿಸಿಪಲ್ ಕೋರ್ಟಿನ ಕ್ಲರ್ಕ್‌ಗೆ ಫೋನ್ ಮಾಡಿ, ಇಲ್ಲವೇ ಅದು ಬೇರೆ ರಾಜ್ಯದ್ದಾಗಿರುತ್ತದೆ.

ಈಗ ಒಂದು ಪುಟವನ್ನು ಹತ್ತಿರದಿಂದ ಓದೋಣ. ಕಲ್ಪಿತ ಕೇಸು, ಆದರೆ ದಿನಾ ಕಾಣುವಂಥದ್ದು. 2021ಸಿಎಂ000047. ಮೇಲ್ಗಡೆ ಆರೋಪಿಯ ಹೆಸರು, ವಿಳಾಸ, ಹುಟ್ಟಿದ ತಿಂಗಳು ಮತ್ತು ವರ್ಷ. ಪೂರ್ತಿ ದಿನಾಂಕ ತೋರಿಸುವುದಿಲ್ಲ. ಅದಕ್ಕೇ ಒಂದೇ ಹೆಸರಿನವರನ್ನು ಬೇರ್ಪಡಿಸಲು ವಿಳಾಸ, ಮಧ್ಯದ ಹೆಸರು ಎಲ್ಲವನ್ನೂ ಕೂಡಿಸಿ ನೋಡಬೇಕು. ಕೆಳಗೆ ಮೂರು ಆರೋಪ. ಒಂದು, 947.01(1), ಸಾರ್ವಜನಿಕ ಶಾಂತಿಭಂಗ, ಮಿಸ್‌ಡಿಮೀನರ್ ಬಿ. ಅದರ ಅಡಿಯಲ್ಲಿ 968.075, ಅಂದರೆ ಮನೆಯೊಳಗಿನ ದೌರ್ಜನ್ಯ ಅನ್ನುವ ಬಾಲಂಗೋಚಿ. ಎರಡು, 940.19(1), ಹೊಡೆತ, ಮಿಸ್‌ಡಿಮೀನರ್ ಎ. ಮೂರು, 946.49(1)(ಎ), ಜಾಮೀನು ಷರತ್ತು ಮುರಿದದ್ದು, ಅದೂ ಎ. ಬಿ ದರ್ಜೆಗೆ ಗರಿಷ್ಠ 90 ದಿನ ಜೈಲು, 1,000 ಡಾಲರ್ ದಂಡ. ಎ ದರ್ಜೆಗೆ 9 ತಿಂಗಳು, 10,000 ಡಾಲರ್.

ಪಕ್ಕದ ಕಾಲಂ ಡಿಸ್ಪೊಸಿಷನ್, ಅಂದರೆ ಆ ಆರೋಪ ಕೊನೆಗೆ ಏನಾಯಿತು ಅನ್ನುವುದು. ತೂಕವೆಲ್ಲ ಅಲ್ಲಿದೆ. ಒಂದನೆಯದಕ್ಕೆ 'ನೋ ಕಾಂಟೆಸ್ಟ್ ಮೇಲೆ ತಪ್ಪಿತಸ್ಥ' ಅಂತಿದೆ: ಆರೋಪಿ ತಪ್ಪು ಒಪ್ಪಲಿಲ್ಲ, ವಾದವನ್ನೂ ಮಾಡಲಿಲ್ಲ, ಕೋರ್ಟು ತಪ್ಪಿತಸ್ಥ ಅಂದಿತು. ದಾಖಲೆಯ ಲೆಕ್ಕದಲ್ಲಿ ಇದು ಪೂರಾ ಶಿಕ್ಷೆಯೇ. ಎರಡನೆಯದಕ್ಕೆ 'ವಜಾ, ಆದರೆ ರೀಡ್ ಇನ್'. ಹೊರಗಿನವರು ಎಡವುವುದು ಇಲ್ಲೇ. ಆ ಆರೋಪದ ಮೇಲೆ ಶಿಕ್ಷೆ ಆಗಿಲ್ಲ, ಆದರೆ ಉಳಿದದ್ದಕ್ಕೆ ಶಿಕ್ಷೆ ಗೊತ್ತುಮಾಡುವಾಗ ಜಡ್ಜ್ ಅದನ್ನು ಗಣನೆಗೆ ತಗೊಳ್ಳಬಹುದು, ನಷ್ಟಪರಿಹಾರವನ್ನೂ ಕಟ್ಟಿಸಬಹುದು. ಅದನ್ನು ಖುಲಾಸೆ ಅಂತ ಓದುವುದೂ ತಪ್ಪು, ಶಿಕ್ಷೆ ಅಂತ ಓದುವುದೂ ತಪ್ಪು. ಮೂರನೆಯದು ಸರಕಾರಿ ವಕೀಲರ ಕೋರಿಕೆಯ ಮೇಲೆ ವಜಾ, ಅಷ್ಟೇ.

ಜಾಮೀನು ಷರತ್ತಿನ ಆರೋಪದ ಬಗ್ಗೆ ಇನ್ನೊಂದು ಮಾತು. ವಿಸ್ಕಾನ್ಸಿನ್‌ನಲ್ಲಿ ಇದನ್ನು ಧಾರಾಳವಾಗಿ ಹಾಕುತ್ತಾರೆ. ಫೆಲನಿ ಕೇಸಿನಲ್ಲಿ ಜಾಮೀನಿನ ಮೇಲಿರುವವನಿಗೆ ಮದ್ಯ ಮುಟ್ಟಬಾರದು ಅಂತ ಷರತ್ತು ಇದ್ದು, ಅವನು ಒಂದು ಬಿಯರ್ ಕುಡಿದು ಸಿಕ್ಕಿಬಿದ್ದರೆ ಅದೂ ಹೊಸ ಫೆಲನಿಯೇ, ಎಚ್ ದರ್ಜೆ, ಗರಿಷ್ಠ 6 ವರ್ಷ. ಹತ್ತು ಆರೋಪಗಳ ಪುಟ ಕಂಡರೆ ಮೊದಲು 946.49 ಎಷ್ಟು ಸಲ ಬಂದಿದೆ ಅಂತ ಎಣಿಸಿ. ಮೂಲ ಘಟನೆ ಒಂದೇ ಆಗಿರಬಹುದು.

ಅದರ ಕೆಳಗಿನದು ಕೋರ್ಟ್ ಘಟನೆಗಳ ಪಟ್ಟಿ. ನಮ್ಮ ಕೋರ್ಟಿನ ಆರ್ಡರ್ ಶೀಟ್ ನೋಡಿ ಅಭ್ಯಾಸ ಇದ್ದವರಿಗೆ ಸಲೀಸು. ಮೊದಲ ಹಾಜರಾತಿ, ಜಾಮೀನು ಮೊತ್ತ, ವಾಯಿದೆಗಳು, ವಾರೆಂಟ್ ಹೊರಡಿಸಿದ್ದು, ರದ್ದು ಮಾಡಿದ್ದು, ಶಿಕ್ಷೆ. ಸ್ಥಿತಿ 'ಫೈಲ್ಡ್ ಓನ್ಲಿ' ಅಂತಿದ್ದರೆ ಆರೋಪ ದಾಖಲಾಗಿದೆ, ಆರೋಪಿ ಇನ್ನೂ ಕೋರ್ಟಿಗೆ ಬಂದಿಲ್ಲ ಅಂತ ಅರ್ಥ.

ಇನ್ನು ಆ ಎರಡು ಅಂಕ ಹೋದದ್ದು ಎಲ್ಲಿ?

ಸೀಕ್ಯಾಪ್ ಕೋರ್ಟಿನ ದಾಖಲೆ, ಬಂಧನದ ದಾಖಲೆಯಲ್ಲ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಯಾರನ್ನೋ ಹಿಡಿದು, ಬೆರಳಚ್ಚು ತಗೊಂಡು, ಒಂದು ರಾತ್ರಿ ಜೈಲಿನಲ್ಲಿಟ್ಟು ಬಿಟ್ಟಿರಬಹುದು. ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರಕಾರಿ ವಕೀಲರು, ಆರೋಪ ಹಾಕುವವರೆಗೆ ಇಲ್ಲಿ ಒಂದಕ್ಷರವೂ ಬರುವುದಿಲ್ಲ. ಆರೋಪ ಹಾಕಲು ಮಿಸ್‌ಡಿಮೀನರ್‌ಗೆ 3 ವರ್ಷ, ಬಹುತೇಕ ಫೆಲನಿಗಳಿಗೆ 6 ವರ್ಷ ಗಡುವು ಇದೆ. ಹಾಗಾಗಿ ಇವತ್ತು ಖಾಲಿ ಇದ್ದ ಹೆಸರು ಮುಂದಿನ ಚಳಿಗಾಲಕ್ಕೆ ಹಳೆಯ ಘಟನೆಯ ಕೇಸಿನೊಂದಿಗೆ ಕಾಣಿಸಿಕೊಳ್ಳಬಹುದು.

ಎರಡನೆಯದು, ವಜಾ ಆದ ಕೇಸು. ಎಲ್ಲ ಆರೋಪಗಳೂ ವಜಾ ಅಥವಾ ಖುಲಾಸೆ ಆದ ಕ್ರಿಮಿನಲ್ ಕೇಸನ್ನು ಎರಡು ವರ್ಷದ ನಂತರ ತಾಣದಿಂದ ತೆಗೆಯುತ್ತಾರೆ. 2018ರಲ್ಲಿ ಬಂದ ನಿಯಮ ಇದು. ನ್ಯಾಯವಾದದ್ದೇ, ತಕರಾರಿಲ್ಲ. ಆದರೆ ಕಡತ ನಾಶವಾಗಿಲ್ಲ ಅನ್ನುವುದು ನೆನಪಿರಲಿ, ಪರದೆಯಿಂದ ಮಾತ್ರ ಹೋಗಿದೆ. ಕ್ಲರ್ಕ್ ಕಚೇರಿಯಲ್ಲಿ ಬಹುತೇಕ ಫೆಲನಿ ಕಡತ 50 ವರ್ಷ, ಮಿಸ್‌ಡಿಮೀನರ್ ಕಡತ 20 ವರ್ಷ ಇಟ್ಟುಕೊಳ್ಳುತ್ತಾರೆ.

ಎಕ್ಸ್‌ಪಂಜ್ ಆದದ್ದು ಬೇರೆ ಜಾತಿ. ಅಪರಾಧದ ಹೊತ್ತಿಗೆ 25 ತುಂಬಿರದವರಿಗೆ, ಗರಿಷ್ಠ ಶಿಕ್ಷೆ 6 ವರ್ಷ ಮೀರದ ಅಪರಾಧಕ್ಕೆ, ಶಿಕ್ಷೆ ವಿಧಿಸುವ ಹೊತ್ತಿನಲ್ಲೇ ಜಡ್ಜ್ ಆದೇಶ ಮಾಡಿದ್ದರೆ ಕೋರ್ಟಿನ ಕಡತಕ್ಕೆ ಮೊಹರು ಬೀಳುತ್ತದೆ. ಆದರೆ ರಾಜ್ಯದ ನ್ಯಾಯ ಇಲಾಖೆಯ ದಾಖಲೆಯಿಂದ ಅದು ಅಳಿಯುವುದಿಲ್ಲ. ಅಪ್ರಾಪ್ತರ ಕೇಸು ಗೋಪ್ಯ. ಆದರೆ 17 ತುಂಬಿದವರನ್ನು ಅಪರಾಧದ ವಿಚಾರಣೆಗೆ ಈ ರಾಜ್ಯ ದೊಡ್ಡವರೆಂದೇ ಎಣಿಸುತ್ತದೆ, ಅವರ ಕೇಸು ಬಟಾಬಯಲು.

ಹಳ್ಳಿಗಾಡಿನಲ್ಲಿ ಎಡವಿಸುವ ಇನ್ನೊಂದು ಗುಂಡಿ ಮೆನಾಮಿನಿ ಕೌಂಟಿ. ಕೌಂಟಿಯ ಬಹುಪಾಲು ಮೆನಾಮಿನಿ ಬುಡಕಟ್ಟಿನ ಮೀಸಲು ಪ್ರದೇಶವೇ. ವಿಸ್ಕಾನ್ಸಿನ್‌ನ ಉಳಿದ ಮೀಸಲು ಪ್ರದೇಶಗಳಲ್ಲಿ ರಾಜ್ಯದ ಕೋರ್ಟಿಗೆ ಕ್ರಿಮಿನಲ್ ಅಧಿಕಾರ ಇದೆ, ಇಲ್ಲಿ ಬುಡಕಟ್ಟಿನ ಸದಸ್ಯರ ಮೇಲೆ ಇಲ್ಲ. ಅವರ ಕೇಸು ಬುಡಕಟ್ಟಿನ ಕೋರ್ಟಿಗೋ ಫೆಡರಲ್ (ಕೇಂದ್ರ ಸರಕಾರದ) ಕೋರ್ಟಿಗೋ ಹೋಗುತ್ತದೆ. ಉಳಿದ ಕೇಸುಗಳನ್ನು ಪಕ್ಕದ ಶವಾನೊ ಕೌಂಟಿಯೊಂದಿಗೆ ಸೇರಿಸಿಯೇ ನಡೆಸುತ್ತಾರೆ. ಸೀಕ್ಯಾಪ್‌ನಲ್ಲಿ ಮೆನಾಮಿನಿ ಅಂತ ಆರಿಸಿ 'ಏನೂ ಇಲ್ಲ' ಅಂತ ಹೊರಡುವವರು ತಪ್ಪು ಬಾಗಿಲು ತಟ್ಟಿದ ಹಾಗೆ. ಫೆಡರಲ್ ಕೇಸಿಗೆ ಪೇಸರ್ ಅನ್ನುವ ಬೇರೆಯದೇ ತಾಣ: ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಪೂರ್ತಿ ಮಾಫಿ. ನಾಲ್ಕಾರು ಹೆಸರು ನೋಡುವವರಿಗೆ ಬಿಟ್ಟಿಯೇ ಅನ್ನಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಸೀಕ್ಯಾಪ್‌ನಲ್ಲಿ ಕ್ರಿಮಿನಲ್ ಕಡತದ ಕಾಗದ ಸಿಗುವುದಿಲ್ಲ. ಏನು ನಡೆಯಿತು ಅಂತ ಪೊಲೀಸರ ಮಾತಿನಲ್ಲಿ ಬರೆದಿರುವುದು ಕ್ರಿಮಿನಲ್ ಕಂಪ್ಲೇಂಟ್ ಅನ್ನುವ ಕಾಗದದಲ್ಲಿ, ಅದು ಕಡತದೊಳಗೆ. ಅದಕ್ಕೆ ಕೌಂಟಿ ಕೋರ್ಟಿನ ಕಿಟಕಿಗೆ ಹೋಗಬೇಕು ಅಥವಾ ಬರೆಯಬೇಕು. ಬರೆಯುವುದು ಕ್ಲರ್ಕ್ ಆಫ್ ಸರ್ಕ್ಯೂಟ್ ಕೋರ್ಟ್‌ಗೆ, ಕೌಂಟಿ ಕ್ಲರ್ಕ್‌ಗೆ ಅಲ್ಲ. ಕೌಂಟಿ ಕ್ಲರ್ಕ್ ಚುನಾವಣೆ, ಮದುವೆ ಲೈಸೆನ್ಸ್ ನೋಡಿಕೊಳ್ಳುವವರು. ಎರಡೂ ಕಚೇರಿ ಒಂದೇ ಕಟ್ಟಡದಲ್ಲಿದ್ದರೂ ಪತ್ರ ತಪ್ಪು ಮೇಜಿಗೆ ಹೋದರೆ ಒಂದು ವಾರ ದಂಡ.

ಶುಲ್ಕ ಕಾನೂನಿನಲ್ಲೇ ಗೊತ್ತುಮಾಡಿದ್ದು: ನಕಲು ಪುಟಕ್ಕೆ 1.25 ಡಾಲರ್, ದೃಢೀಕರಣಕ್ಕೆ 5 ಡಾಲರ್, ಕೇಸು ನಂಬರ್ ಕೊಡದೆ ಅವರ ಕೈಯಲ್ಲಿ ಹುಡುಕಿಸಿದರೆ ಅದಕ್ಕೆ 5 ಡಾಲರ್. ಸೀಕ್ಯಾಪ್‌ನಲ್ಲಿ ನಂಬರ್ ಹುಡುಕಿಟ್ಟುಕೊಂಡು ಹೋದರೆ ಆ ಕೊನೆಯ 5 ಉಳಿಯಿತು, ಸಮಯವೂ ಉಳಿಯಿತು. 'ಕಡತದ ಎಲ್ಲ ಪುಟ ಕೊಡಿ' ಅನ್ನಬೇಡಿ. ಕಂಪ್ಲೇಂಟ್ ಮತ್ತು ಜಡ್ಜ್‌ಮೆಂಟ್ ಆಫ್ ಕನ್ವಿಕ್ಷನ್ (ತಪ್ಪಿತಸ್ಥ ಅನ್ನುವ ತೀರ್ಪು), ವಜಾ ಆಗಿದ್ದರೆ ವಜಾ ಆದೇಶ, ಇಷ್ಟನ್ನೇ ಹೆಸರಿಸಿ ಕೇಳಿ. ಮೊದಲು ಫೋನ್ ಮಾಡಿ ಪುಟ ಎಷ್ಟು ಅಂತ ಕೇಳಿಕೊಂಡರೆ ಸರಿಯಾದ ಮೊತ್ತ ಕಳಿಸಬಹುದು. ಹಳೆಯ ಕಾಗದದ ಕಡತ ಕೋರ್ಟಿನ ಗೋದಾಮಿನಲ್ಲಿದ್ದರೆ ಅದೇ ದಿನ ಸಿಗುತ್ತದೆ ಅಂತ ನಂಬಿ ನೂರು ಮೈಲಿ ಗಾಡಿ ಓಡಿಸಬೇಡಿ.

ಬಂಧನದ ದಾಖಲೆ ಬೇಕಾದರೆ ಶೆರಿಫ್ ಕಚೇರಿ. ಸಣ್ಣ ಕೌಂಟಿಗಳಲ್ಲಿ ಜೈಲಿನ ಪಟ್ಟಿ ತಾಣದಲ್ಲಿ ಇದ್ದರೂ ಸಾಮಾನ್ಯವಾಗಿ ಈ ಹೊತ್ತು ಒಳಗಿರುವವರದ್ದು ಮಾತ್ರ. ನಿನ್ನೆ ಬಿಡುಗಡೆಯಾದವರ ಹೆಸರು ಇವತ್ತು ಇರುವುದಿಲ್ಲ. ವೈನ್ ಅನ್ನುವ ಉಚಿತ ಸೇವೆ ಯಾರು ಬಂಧನದಲ್ಲಿದ್ದಾರೆ ಅಂತ ಹೇಳುತ್ತದೆ, ಬಿಡುಗಡೆಯಾದಾಗ ಫೋನಿಗೆ ಸುದ್ದಿಯನ್ನೂ ಕಳಿಸುತ್ತದೆ. ಅದು ಸಂತ್ರಸ್ತರಿಗಾಗಿ ಮಾಡಿದ್ದು, ಹಳೆಯ ದಾಖಲೆಗೆ ಉಪಯೋಗವಿಲ್ಲ.

ಹಳೆಯದಕ್ಕೆ ಸಾರ್ವಜನಿಕ ದಾಖಲೆ ಕಾನೂನಿನಡಿ ಕೇಳಬೇಕು. ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 1979ರಲ್ಲೇ ಪೊಲೀಸರ ದೈನಂದಿನ ಬಂಧನ ಪಟ್ಟಿ ಸಾರ್ವಜನಿಕ ಅಂತ ತೀರ್ಪು ಕೊಟ್ಟಿದೆ. ಅರ್ಜಿಗೆ ನಮೂನೆ ಬೇಡ, ಬಾಯಲ್ಲಿ ಕೇಳಿದರೂ ನಡೆಯುತ್ತದೆ, ನೀವು ಯಾರು, ಯಾಕೆ ಅಂತ ಹೇಳಬೇಕಾಗಿಲ್ಲ. ಆದರೂ ಬರೆದೇ ಕೊಡಿ, ಯಾಕೆಂದರೆ ಬರೆದು ಕೇಳಿದ್ದನ್ನು ನಿರಾಕರಿಸಿದರೆ ಅವರೂ ಕಾರಣ ಬರೆದೇ ಕೊಡಬೇಕು. ದಿನಗಳ ಗಡುವು ಇಲ್ಲ, 'ಸಾಧ್ಯವಾದಷ್ಟು ಬೇಗ, ತಡಮಾಡದೆ' ಅಂತ ಮಾತ್ರ ಇದೆ. ಹೀಗಾಗಿ 'ಆತನ ಎಲ್ಲ ದಾಖಲೆ' ಅಂತ ಕೇಳಿದ ಅರ್ಜಿ ಕೆಳಗೆ ಹೋಗುತ್ತದೆ. 'ಇಂಥ ತಾರೀಕು, ಇಂಥ ರಸ್ತೆ, ಇಂಥವರ ಬಂಧನದ ವರದಿ' ಅಂತ ಕೇಳಿದ್ದಕ್ಕೆ ಉತ್ತರ ಬೇಗ. ಹುಡುಕುವ ಖರ್ಚು 50 ಡಾಲರ್ ಮುಟ್ಟದಿದ್ದರೆ ಅದನ್ನು ನಿಮ್ಮಿಂದ ವಸೂಲು ಮಾಡುವಂತಿಲ್ಲ, ನಕಲಿನ ಖರ್ಚು ಬೇರೆ.

ಕೋರ್ಟಿನ ದಾಖಲೆ, ಬಂಧನದ ದಾಖಲೆ ಇವೆರಡರ ನಡುವೆ ಇರುವುದು ರಾಜ್ಯದ ನ್ಯಾಯ ಇಲಾಖೆಯ ವೋರ್ಕ್ಸ್ ತಾಣ. ಹೆಸರು, ಹುಟ್ಟಿದ ದಿನಾಂಕ ಕೊಟ್ಟು 7 ಡಾಲರ್ ಕಟ್ಟಿದರೆ ರಾಜ್ಯದ ಕ್ರಿಮಿನಲ್ ಇತಿಹಾಸ ಬರುತ್ತದೆ, ಬಂಧನಗಳೂ ಸೇರಿ. ಆ 7 ಡಾಲರ್‌ಗೆ ಮೋಸವಿಲ್ಲ. ಆದರೆ ಅದರ ಬುನಾದಿ ಬೆರಳಚ್ಚು. ಬೆರಳಚ್ಚು ತಗೊಳ್ಳದೆ ಟಿಕೆಟ್ ಕೊಟ್ಟು ಕೋರ್ಟಿಗೆ ಕರೆದ ಮಿಸ್‌ಡಿಮೀನರ್ ಅಲ್ಲಿ ಇರದೆ ಸೀಕ್ಯಾಪ್‌ನಲ್ಲಿ ಮಾತ್ರ ಇರಬಹುದು. ಬಂಧನ ಅಲ್ಲಿದ್ದು ಮುಂದೇನಾಯಿತು ಅನ್ನುವುದು ಖಾಲಿ ಇರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಚಿತ್ರ ಕೂಡುತ್ತದೆ.

ದುಡ್ಡು ಕೇಳುವ ಖಾಸಗಿ 'ಎಲ್ಲರ ಇತಿಹಾಸ' ತಾಣಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅವು ಇಂಥ ಸರಕಾರಿ ದತ್ತಾಂಶವನ್ನೇ ಯಾವತ್ತೋ ಎತ್ತಿ ಇಟ್ಟುಕೊಂಡಿರುತ್ತವೆ. ಇಲ್ಲಿ ತೆಗೆದ ಕೇಸು ಅಲ್ಲಿ ಉಳಿದಿರುತ್ತದೆ, ಹೆಸರು ಒಂದೇ ಆದವರನ್ನು ಒಬ್ಬರನ್ನಾಗಿ ಮಾಡಿರುತ್ತವೆ. ಬಾಡಿಗೆದಾರರನ್ನೋ ಕೆಲಸದವರನ್ನೋ ಆರಿಸಲು ಅವನ್ನು ಬಳಸುವುದು ಕಾನೂನಿನ ತೊಂದರೆಗೂ ದಾರಿ. ಅದಕ್ಕೆ ಫೆಡರಲ್ ಕ್ರೆಡಿಟ್ ರಿಪೋರ್ಟಿಂಗ್ ಕಾನೂನಿನಡಿ ನಡೆಯುವ ಸಂಸ್ಥೆಯೇ ಬೇಕು, ಅರ್ಜಿದಾರರಿಗೆ ತಿಳಿಸುವ ಕ್ರಮವನ್ನೂ ಪಾಲಿಸಬೇಕು. ಕೆಲಸಕ್ಕೆ ತಗೊಳ್ಳುವವರಿಗೆ ಸೀಕ್ಯಾಪ್ ಪುಟದಲ್ಲೇ ಎಚ್ಚರಿಕೆ ಇದೆ: ಬಂಧನ ಅಥವಾ ಶಿಕ್ಷೆಯ ದಾಖಲೆ ನೋಡಿ ತಾರತಮ್ಯ ಮಾಡುವುದು ರಾಜ್ಯದ ಕಾನೂನಿಗೆ ವಿರುದ್ಧವಾಗಬಹುದು. ಆ ಅಪರಾಧಕ್ಕೂ ಕೆಲಸದ ಸ್ವರೂಪಕ್ಕೂ ಗಟ್ಟಿ ಸಂಬಂಧ ಇದೆ ಅಂತ ತೋರಿಸಬೇಕಾದ್ದು ಮಾಲೀಕರೇ.

ತಮ್ಮದೇ ದಾಖಲೆ ಹುಡುಕುವವರಿಗೆ ಇನ್ನೊಂದು ವಿಷಯ. ಪೌರತ್ವದ ಎನ್-400 ಅರ್ಜಿ ಬಂಧನಗಳನ್ನೆಲ್ಲ ಕೇಳುತ್ತದೆ, ವಜಾ ಆದದ್ದೂ ಎಕ್ಸ್‌ಪಂಜ್ ಆದದ್ದೂ ಸೇರಿ. ಸೀಕ್ಯಾಪ್‌ನ ಪ್ರಿಂಟ್ ಅಲ್ಲಿ ನಡೆಯುವುದಿಲ್ಲ, ಕೋರ್ಟಿನ ದೃಢೀಕೃತ ಪ್ರತಿಯೇ ಬೇಕು. ಎರಡು ವರ್ಷ ಕಳೆದು ಕೇಸು ತಾಣದಿಂದ ಮಾಯವಾದ ಮೇಲೆ ನಂಬರ್ ಹುಡುಕುವುದಕ್ಕೇ ಒಂದು ಸುತ್ತು ಓಡಾಟ. ಅದಕ್ಕೇ ಕೇಸು ವಜಾ ಆದ ವಾರವೇ, ಪುಟ ಇನ್ನೂ ಪರದೆಯ ಮೇಲಿರುವಾಗಲೇ ನಂಬರ್ ಬರೆದಿಟ್ಟುಕೊಂಡು, ದೃಢೀಕೃತ ಪ್ರತಿ ಎರಡು ತರಿಸಿಟ್ಟುಕೊಳ್ಳಿ. ಒಂದು ಅರ್ಜಿಗೆ, ಒಂದು ಸಂದರ್ಶನದ ದಿನ ಕೈಯಲ್ಲಿ.